ಕೆರೆಮೀನೂ ನನ್ನ ಸಿಟ್ಟೂ

ಗಾಳ ಹಾಕಿ ಕುಳಿತರೆ ಮನಸ್ಸು ಶಾಂತವಾಗುತ್ತದೆ ಎಂದು ಮೊದಲು ಹೇಳಿದ ಮಹಾನುಭಾವನನ್ನು ನಾನು ಐದು ಮಳೆಗಾಲದಿಂದ ಹುಡುಕುತ್ತಿದ್ದೇನೆ. ಸಿಕ್ಕಿದರೆ ಒಂದೆರಡು ಮಾತು ಕೇಳುವುದಿದೆ. ನನಗಂತೂ ಕೆರೆಯ ದಂಡೆಯಲ್ಲಿ ಬರುವಷ್ಟು ಸಿಟ್ಟು ಬೇರೆಲ್ಲೂ ಬಂದಿಲ್ಲ. ಕುಂದಾಪುರದ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಟೈಮ್ ಕೀಪರ್ ಆಗಿ ಇಪ್ಪತ್ತೆರಡು ವರ್ಷ ಕಳೆದವನು ಈ ಮಾತು ಹೇಳುತ್ತಿದ್ದೇನೆಂದರೆ ಅದರ ತೂಕ ನಿಮಗೆ ಗೊತ್ತಾಗಬೇಕು. ಎರಡು ನಿಮಿಷ ತಡವಾಗಿ ಹೊರಟ ಸಿದ್ದಾಪುರದ ಬಸ್ಸು, ತನ್ನ ಜನರನ್ನೆಲ್ಲ ಅದಕ್ಕೆ ಕಳೆದುಕೊಂಡ ಹಿಂದಿನ ಬಸ್ಸು, ನನ್ನ ಎಡಬಲಕ್ಕೆ ನಿಂತು ನನ್ನ ಹಿರಿಯರನ್ನೆಲ್ಲ ನೆನೆಯುವ ಇಬ್ಬರು ಕಂಡಕ್ಟರುಗಳು, ಇದೆಲ್ಲ ನನಗೆ ದಿನವೂ ಇದ್ದದ್ದೇ. ಆದರೆ ಅಲ್ಲಿ ತಿರುಗಿ ಕೂಗಬಹುದು. ಕೆರೆಯ ದಂಡೆಯಲ್ಲಿ ಕೂಗುವ ಹಾಗಿಲ್ಲ, ಮೀನು ಓಡಿಹೋಗುತ್ತದೆ. ಸಿಟ್ಟು ಬಂದರೂ ಬಾಯಿ ಮುಚ್ಚಿಕೊಂಡು ಕೂರುವುದಕ್ಕೆ ಶಾಂತಿ ಎಂದು ಹೆಸರಿಟ್ಟವನಿಗೆ ಬುದ್ಧಿ ನೆಟ್ಟಗಿರಲಿಲ್ಲ.

ಹಾಗಾದರೆ ಹೋಗುವುದು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಜಾತ ಪ್ರತಿ ಭಾನುವಾರವೂ ಕೇಳುತ್ತಾಳೆ. ನಿಮಗೆ ಹೇಳುತ್ತೇನೆ, ಅವಳಿಗೆ ಹೇಳಬೇಡಿ. ನಮ್ಮದು ಕಡಲನ್ನೇ ನಂಬಿದ ಮನೆ. ಅಪ್ಪ ಬದುಕಿರುವವರೆಗೆ ಬೋಟಿಗೆ ಹೋದರು. ಅಮ್ಮ ನಲವತ್ತು ವರ್ಷ ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟು ಕುಳಿತವರು. ಈಗ ಮೊಣಕಾಲು ಬಗ್ಗುವುದಿಲ್ಲವೆಂದು ಕೋಟೇಶ್ವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ರಸ್ತೆಯಲ್ಲಿ ಹೋಗುವವರ ಕೈಚೀಲದೊಳಗಿನ ಮೀನು ಯಾವುದೆಂದು ವಾಸನೆಯಲ್ಲೇ ಹೇಳುತ್ತಾರೆ. ಇಂಥವರಿಗೆ ಹುಟ್ಟಿದ ಏಕೈಕ ಗಂಡುಸಂತಾನವಾದ ನಾನು ಹದಿನೆಂಟನೆಯ ವಯಸ್ಸಿನಲ್ಲಿ ಮೂರು ಸಲ ಕಡಲಿಗೆ ಹೋದೆ. ಮೂರು ಸಲವೂ ಹೊಟ್ಟೆಯಲ್ಲಿ ಇದ್ದದ್ದನ್ನೆಲ್ಲ ಅರಬ್ಬೀ ಸಮುದ್ರಕ್ಕೆ ಅರ್ಪಿಸಿ, ಬೋಟಿನ ಮೂಲೆಯಲ್ಲಿ ಗೋಣಿಯ ಹಾಗೆ ಬಿದ್ದು ವಾಪಸು ಬಂದೆ. ಮೂರನೆಯ ಸಲ ದಡಕ್ಕೆ ಇಳಿಸುವಾಗ ಅಪ್ಪ ಬೈಯಲಿಲ್ಲ. "ಮಗಾ, ನೀನ್ ಮೇಲೇ ಇರ್" ಎಂದರು, ಅಷ್ಟೆ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ.

ಅಂದಿನಿಂದ ನಾನು ಮೇಲೇ, ಅಂದರೆ ದಡದಲ್ಲೇ, ಇದ್ದೇನೆ. ಬಸ್ಸು ಹೊರಡಿಸಿದ್ದೇನೆ, ಮದುವೆಯಾಗಿದ್ದೇನೆ, ಮನೆ ಕಟ್ಟಿಸಿದ್ದೇನೆ. ಆದರೆ ಅಮ್ಮ "ನನ್ ಮಗ ಹಿಡ್ದ ಮೀನ್" ಎಂದು ಹೇಳಿ ಪಾತ್ರೆಗೆ ಹಾಕಿದ ಒಂದೇ ಒಂದು ಮೀನು ಈ ಮನೆಯಲ್ಲಿ ಬೆಂದಿಲ್ಲ. ಈ ಒಂದು ಮಾತಿಗಾಗಿ ನಲವತ್ತೇಳು ವರ್ಷದ ಗಂಡಸು ಕೆಸರಿನಲ್ಲಿ ಕೂರುತ್ತಾನೆ ಎಂದರೆ ನಗು ಬರುತ್ತದೆಯೇ? ಬರಲಿ. ನನಗೆ ಬರುವುದು ಸಿಟ್ಟು.

ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಬೋಟುಗಳೆಲ್ಲ ಮೇಲೆ ಬರುತ್ತವೆ. ಎರಡು ತಿಂಗಳು ಊರಿಗೆ ಊರೇ ಒಣಮೀನಿನ ಡಬ್ಬಿ ಬಿಚ್ಚುತ್ತದೆ. ಅದೇ ಹೊತ್ತಿಗೆ ಒಳನಾಡಿನ ಮದಗಗಳು, ಅಂದರೆ ನಮ್ಮ ಕಡೆಯ ಕೆರೆಗಳು, ತುಂಬಿ ಕೋಡಿ ಬೀಳುತ್ತವೆ, ಬೇಸಿಗೆಯಲ್ಲಿ ತಳ ಹಿಡಿದು ಕುಳಿತ ಮೀನುಗಳು ಮೇಲೆ ಬಂದು ಆಡುತ್ತವೆ. ಕೆರೆ ಎಷ್ಟೇ ದೊಡ್ಡದಿದ್ದರೂ ಅಲುಗುವುದಿಲ್ಲ. ದಂಡೆಯಲ್ಲಿ ಕುಳಿತವನಿಗೆ ವಾಂತಿ ಬಂದ ದಾಖಲೆ ಇಲ್ಲ. ಇದು ನನಗಾಗಿಯೇ ಮಾಡಿಟ್ಟ ಕಾಲ ಎಂದು ಐದು ವರ್ಷದ ಹಿಂದೆ ನನಗೆ ಹೊಳೆಯಿತು. ಹೊಳೆಯಲು ಕಾರಣ ಫೋನು. ಅದರಲ್ಲಿ ಅಮೆರಿಕದ ಕೆರೆಗಳಲ್ಲಿ ಬಾಸ್ ಎಂಬ ಮೀನು ಹಿಡಿಯುವವರ ವಿಡಿಯೊ ಬರುತ್ತದೆ. ಗಾಳಕ್ಕೆ ಸಿಕ್ಕಿಸಲು ವಸಂತಕ್ಕೊಂದು ಬಣ್ಣದ ರಬ್ಬರ್ ಹುಳ, ಬೇಸಿಗೆಗೊಂದು ರಬ್ಬರ್ ಕಪ್ಪೆ, ಚಳಿಗೆ ಇನ್ನೊಂದು. ಅವರ ಕೆರೆಯ ಸುತ್ತ ಒಂದು ನರಪಿಳ್ಳೆ ಇಲ್ಲ. ನಾನೂ ಒಂದು ರೀಲಿನ ಕೋಲು, ಒಂದು ಹಸಿರು ರಬ್ಬರ್ ಕಪ್ಪೆ ತರಿಸಿದೆ. ಅಮ್ಮ ಕಪ್ಪೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದ್ನ ಕಂಡ್ ಮೀನ್ ನೆಗಾಡ್ಗ್" ಎಂದರು. ಅವರ ಲೆಕ್ಕದಲ್ಲಿ ಕೆರೆಯಲ್ಲಿ ಇರುವುದು ಮೀನೇ ಅಲ್ಲ. "ಅದೆಂತ ಮೀನಾ? ಕೆಸ್ರಿಗ್ ರೆಕ್ಕಿ ಬಂದದ್ ಅದ್!"

ವಿಡಿಯೊದಲ್ಲಿ ಇಲ್ಲದ, ನಮ್ಮ ಕೆರೆಯಲ್ಲಿ ಮಾತ್ರ ಇರುವ ಒಂದು ಪ್ರಾಣಿ ಸುಬ್ಬಣ್ಣ. ಕೋಟೇಶ್ವರದಿಂದ ಒಳಕ್ಕೆ ಅರ್ಧ ಗಂಟೆ ಸ್ಕೂಟರಿನಲ್ಲಿ ಹೋದರೆ ಸಿಗುವ ಮದಗದ ಪಕ್ಕದಲ್ಲೇ ಅವನ ಗದ್ದೆ, ದಂಡೆಯ ಮೇಲೆಯೇ ಅವನ ಓಡಾಟ. ಗಾಳ ಹಿಡಿದು ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು, ಕುಳಿತವನನ್ನು ಸಿಕ್ಕಿತಾ ಎಂದು ಕೇಳಬಾರದು. ಇದು ನಮ್ಮ ಕಡೆ ಹಸುಳೆಗೂ ಗೊತ್ತು. ಕೇಳಿದರೆ ಅಂದಿನ ಮೀನು ಹೋಯಿತೆಂದೇ ಲೆಕ್ಕ. ಅಪ್ಪ ಬೋಟಿಗೆ ಹೊರಡುವಾಗ ಎದುರುಮನೆಯವರು ಬಾಯಿ ತೆರೆಯುವುದು ಕಂಡರೆ ಅಮ್ಮ ಜಗಲಿಯಿಂದಲೇ ಕೆಮ್ಮಿ ತಡೆಯುತ್ತಿದ್ದರು. ಆದರೆ ಸುಬ್ಬಣ್ಣ ಬಾಳೆತೋಟದ ಆಚೆಯಿಂದಲೇ ಶುರು. "ಹ್ವಾಯ್, ಸಿಕ್ತಾ?" ನಾನು ಇಲ್ಲ ಎಂದು ತಲೆಯಾಡಿಸುತ್ತೇನೆ. ಅವನು ಹತ್ತಿರ ಬಂದು ಬಕೆಟ್ಟಿನ ಮುಚ್ಚಳ ತೆಗೆದು ನೋಡಿ, ಮುಚ್ಚಿ, "ಇಲ್ಲೆ ಅಲ್ದಾ?" ಎನ್ನುತ್ತಾನೆ. ಹತ್ತು ನಿಮಿಷದ ಮೇಲೆ ಅದೇ ದಾರಿಯಲ್ಲಿ ವಾಪಸು. "ಈಗ್ ಸಿಕ್ತಾ?" ಒಂದು ದಿನ ಅವನು ಏಳು ಸಲ ಕೇಳಿದ್ದನ್ನು ನಾನು ಲೆಕ್ಕ ಇಟ್ಟಿದ್ದೇನೆ, ಬಸ್ಸಿನ ಟೈಮು ಬರೆದು ಬರೆದು ಬಂದ ಅಭ್ಯಾಸ. ಏಳನೆಯ ಸಲ ಕೋಲನ್ನೇ ಅವನ ತಲೆಗೆ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ. ಕೆರೆಗೆ ಹೋಗುವ ದಾರಿ ಅವನ ಜಾಗದಲ್ಲಿದೆ.

ಹೀಗೆ ನಾಲ್ಕು ಮಳೆಗಾಲ ಹೋಯಿತು. ಸಿಕ್ಕಿದ್ದು ಬೆರಳುದ್ದದ ಮೀನುಗಳು, ಒಂದು ಏಡಿ, ಯಾರದೋ ಬನಿಯನ್ನು. ಬೆರಳುದ್ದದವನ್ನು ಅಮ್ಮನಿಗೆ ತೋರಿಸಿದಾಗ ಅವರು ಬೆಕ್ಕನ್ನು ಕರೆದರು.

ಈ ವರ್ಷ ಜುಲೈ ತಿಂಗಳ ಒಂದು ಭಾನುವಾರ. ಬೆಳಗಿನ ಮಳೆ ನಿಂತು ಕೆರೆ ಕನ್ನಡಿಯಾಗಿತ್ತು. ಸುಬ್ಬಣ್ಣ ಎಲ್ಲೋ ಪೇಟೆಗೆ ಹೋಗಿದ್ದಿರಬೇಕು, ಕಾಣಲಿಲ್ಲ. ತಾವರೆ ಎಲೆಗಳ ಆಚೆ ನೀರಿನ ಮೇಲೆ ಒಂದು ತಟ್ಟೆಯಷ್ಟು ಜಾಗ ಕೆಂಪಗೆ, ಅಕ್ಕಿ ಕುದಿಯುವ ಹಾಗೆ ಮಿಜಿಮಿಜಿ ಎನ್ನುತ್ತಿತ್ತು. ನಾನು ಕಪ್ಪೆಯನ್ನು ಬೀಸಿ ಅದರ ಆಚೆಗೆ ಎಸೆದು ಮೆಲ್ಲಗೆ ಎಳೆದುಕೊಂಡೆ. ಒಂದು ಸಲ, ಎರಡು ಸಲ. ಮೂರನೆಯ ಸಲ ನೀರು ಒಡೆದ ಸದ್ದಿಗೆ ನಾನೇ ಹೆದರಿ ಕೂತುಬಿಟ್ಟೆ. ಮತ್ತೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಕೋಲು ಬಾಗಿತು, ಚಪ್ಪಲಿ ಹೋಯಿತು, ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾನು ಬಸ್ ನಿಲ್ದಾಣದಲ್ಲಿ ಕೂಗುವ ಎಲ್ಲ ಮಾತುಗಳನ್ನೂ ಆ ಮೀನಿಗೆ ಕೂಗಿದೆ. ಅದು ಮೇಲೆ ಬಂದಾಗ ನನ್ನ ಮೊಳಕೈಯಿಂದ ಬೆರಳ ತುದಿಯವರೆಗಿನ ಉದ್ದ, ಹಾವಿನಂಥ ಚಪ್ಪಟೆ ತಲೆ. ಘಟ್ಟದ ಮೇಲಿನವರು ಕೊರವ ಎನ್ನುವ ಮೀನು. ನಮ್ಮಲ್ಲಿ ಊರಿಗೊಂದು ಹೆಸರು. ನೀರಿನ ಹೊರಗೂ ಬಹಳ ಹೊತ್ತು ಜೀವ ಹಿಡಿದುಕೊಂಡಿರುವ ಜಾತಿ. ಬಕೆಟ್ಟಿಗೆ ನೀರು ತುಂಬಿ ಜೀವಂತವಾಗಿಯೇ ಮನೆಗೆ ತಂದೆ, ಅಂಗಡಿಯಿಂದ ಐಸ್ ಮೀನು ತಂದದ್ದೆಂದು ಯಾರೂ ಸೊಲ್ಲೆತ್ತಬಾರದಲ್ಲ.

ಬಕೆಟ್ಟನ್ನು ಜಗಲಿಯಲ್ಲಿ ಅಮ್ಮನ ಕಾಲ ಬುಡದಲ್ಲಿ ಇಟ್ಟೆ. ಅವರು ಕನ್ನಡಕ ಏರಿಸಿ ಬಗ್ಗಿದರು. ಕೈ ಹಾಕಿ ಬೆನ್ನು ಒತ್ತಿದರು, ಕಿವಿರು ಎತ್ತಿ ನೋಡಿದರು, ಬಾಲ ಹಿಡಿದು ತೂಗಿದರು. ಮೀನು ಒಂದು ಸಲ ಬಡಿದು ಅವರ ಸೀರೆಯನ್ನೆಲ್ಲ ತೋಯಿಸಿತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನವೂ ಹಾಗೆ ನಿಂತಿರಲಿಲ್ಲ.

"ಮೀನ್ ಲಾಯ್ಕ್ ಇತ್ತ್ ಮಗಾ," ಎಂದರು ಅಮ್ಮ. "ನೀನೇ ಹಿಡ್ದದ್ದಾ?"

ನನ್ನ ಕಣ್ಣಲ್ಲಿ ನೀರು ಬಂತು. ಹೇಳಲು ನಾಚಿಕೆಯಿಲ್ಲ. ಒಳಗೆ ಸುಜಾತ ಅದಾಗಲೇ ತೆಂಗಿನಕಾಯಿ ತುರಿದು ಮೆಣಸು ಹುರಿಯುತ್ತಿದ್ದಳು, ಘಾಟು ಜಗಲಿಗೆ ಬರುತ್ತಿತ್ತು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ಕಾದ ಹೊಗಳಿಕೆ, ತಲೆಗೆ ಏರಿತು. ಎಲ್ಲಿ ಎಸೆದೆ, ಹೇಗೆ ಎಳೆದೆ, ನೀರಿನ ಮೇಲೆ ಕೆಂಪು ಮರಿಗಳು ಹೇಗೆ ಕುದಿಯುತ್ತಿದ್ದವು, ಅವುಗಳ ನಡುವೆ ಕಪ್ಪೆಯನ್ನು ಹೇಗೆ ಹಾಯಿಸಿದೆ, ಎಲ್ಲವನ್ನೂ ಕೈಕಾಲು ಆಡಿಸಿ ವರ್ಣಿಸಿದೆ.

ಅಮ್ಮ ಮೀನಿನಿಂದ ಕೈ ತೆಗೆದರು. "ಮರಿ ಇದ್ದಿತಾ?"

"ರಾಶಿ ಇದ್ದೋ!" ಎಂದೆ, ಮೂಢ.

"ಮರಿ ಕಾಯ್ತಿದ್ದ ಮೀನಾ ಇದ್? ವಾಪಸ್ ಬಿಟ್ಕಂಡ್ ಬಾ."

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಂದ ಸಿಟ್ಟನ್ನು ನಾನು ವಿವರಿಸಲಾರೆ. ಲಾರಿಗಟ್ಟಲೆ ಮೀನು ಬಂದಿಳಿಯುವ ಊರಿನಲ್ಲಿ, ನಲವತ್ತು ವರ್ಷ ಮೀನು ಕೊಯ್ದು ಕೊಟ್ಟ ಹೆಂಗಸಿಗೆ, ನನ್ನ ಒಂದೇ ಒಂದು ಮೀನಿನ ಮೇಲೆ ಮಾತ್ರ ಈ ದಯೆ! ನಾಳೆ ಬೇರೆ ಯಾರೋ ಹಿಡಿಯುತ್ತಾರೆ ಎಂದೆ. ಊರಲ್ಲಿ ಎಲ್ಲರೂ ತಿನ್ನುತ್ತಾರೆ ಎಂದೆ. ನಿಮಗೆ ನನ್ನ ಮೀನು ಬೇಯಿಸುವ ಮನಸ್ಸೇ ಇಲ್ಲ, ಅದಕ್ಕೊಂದು ನೆಪ ಎಂದೂ ಅಂದುಬಿಟ್ಟೆ. ಎದುರುಮನೆಯವರು ಕಿಟಕಿಗೆ ಬಂದರು.

ಅಮ್ಮ ದನಿ ಏರಿಸಲಿಲ್ಲ. "ಎರ್ಡ್ ತಿಂಗ್ಳ್ ಬೋಟ್ ಮೇಲ್ ಹಾಕಿ, ಒಣ್ಮೀನ್ ತಿಂದ್ಕಂಡ್ ಕೂಕಂಬುದ್ ಎಂತಕೆ? ಮೀನಿಗ್ ಮರಿ ಆಪು ಕಾಲ ಅಂದೇಳಿ. ನಿನ್ ಅಪ್ಪ ಕೈಯಗ್ ಕಾಸ್ ಇಲ್ದಿಪ್ಪತಿಗೂ ಮಳಿಗಾಲ್ದಗ್ ಮೀನ್ ಬಲಿ ಮುಟ್ಲಿಲ್ಲ. ಕಡಲಂಗ್ ಒಂದ್ ನ್ಯಾಯ, ಕೆರಿಯಂಗ್ ಒಂದ್ ನ್ಯಾಯವಾ? ಮೀನ್ ಅಲ್ದಿದ್ರೆ ನಾ ಎಂತ ಹೇಳ್ತಿರ್ಲಿಲ್ಲ. ಇದ್ ಮೀನ್."

ಕೆರೆಯದೂ ಮೀನೇ ಎಂಬ ಯಾವ ಮಾತಿಗಾಗಿ ಐದು ವರ್ಷ ಕಾದಿದ್ದೆನೋ ಅದೇ ಮಾತನ್ನು ಮುಂದೆ ಮಾಡಿ ಅಮ್ಮ ನನ್ನ ಮೀನನ್ನು ಕಿತ್ತುಕೊಂಡರು. ಸುಜಾತ ಬಾಗಿಲಲ್ಲಿ ಬಂದು ನಿಂತು, "ಮಸಾಲಿ ಕಡ್ದಾಯ್ತ್, ಇದ್ನ್ ನಾನೆಂತ ಮಾಡ್ಕ್?" ಎಂದಳು. ನಾನು ಬಕೆಟ್ಟು ಎತ್ತಿದೆ.

ಮಧ್ಯಾಹ್ನದ ಹಸಿವೆಯಲ್ಲಿ, ಬರಿಗಾಲಿನಲ್ಲಿ, ಸ್ಕೂಟರಿನ ಕಾಲಬುಡದಲ್ಲಿ ಬಕೆಟ್ಟು ಇಟ್ಟುಕೊಂಡು ಮತ್ತೆ ಅದೇ ದಾರಿ. ರಸ್ತೆಯ ಪ್ರತಿ ಉಬ್ಬಿಗೂ ಮೀನು ಮುಚ್ಚಳಕ್ಕೆ ತಲೆ ಹೊಡೆಯುತ್ತಿತ್ತು. ಮೊದಲ ಎರಡು ಮೈಲಿ ಅಮ್ಮನನ್ನು ಬೈದೆ, ಮುಂದೆ ಸರಕಾರವನ್ನು ಬೈದೆ, ರಬ್ಬರ್ ಕಪ್ಪೆ ಮಾಡಿದವನನ್ನು ಬೈದೆ. ಕೊನೆಯ ತಿರುವಿನಲ್ಲಿ ಮೀನಿನ ಸದ್ದು ನಿಂತಿತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಗಾಡಿ ನಿಲ್ಲಿಸಿ ಮುಚ್ಚಳ ತೆಗೆದೆ. ಅದು ಕಿವಿರು ಆಡಿಸುತ್ತ ನನ್ನನ್ನೇ ನೋಡುತ್ತಿತ್ತು. ಅಲ್ಲಿಂದ ಮುಂದೆ ಯಾರನ್ನೂ ಬೈಯಲಿಲ್ಲ, ಮೆಲ್ಲಗೆ ಹೋದೆ.

ದಂಡೆಯಲ್ಲಿ ಸುಬ್ಬಣ್ಣ! ಪೇಟೆಯಿಂದ ಬಂದಾಗಿತ್ತು.

"ಹ್ವಾಯ್, ಸಿಕ್ತಾ?"

"ಸಿಕ್ತ್."

ಅವನು ಮುಚ್ಚಳ ಎತ್ತಿ ನೋಡಿದ. ಬಾಯಿ ತೆರೆದುಕೊಂಡಿತು. "ಮತ್ತ್ ಎಂತಕೆ ತಿರ್ಗಿ ಬಂದದ್ ಮಾರಾಯ?"

"ಬಿಡೂಕೆ."

ಐದು ವರ್ಷದಲ್ಲಿ ಮೊದಲ ಸಲ ಸುಬ್ಬಣ್ಣ ಮುಂದಿನ ಪ್ರಶ್ನೆ ಕೇಳದೆ ನನ್ನ ಹಿಂದೆ ಬಂದ. ನಾನು ತಾವರೆ ಎಲೆಯ ಹತ್ತಿರ ಹುಡುಕಿದೆ, ಕೆಂಪು ತಟ್ಟೆ ಅಲ್ಲಿರಲಿಲ್ಲ. ಆಚೆ ಹೋದೆ, ಈಚೆ ಬಂದೆ. ಹಕ್ಕಿ ತಿಂದಿತೋ, ಬೇರೆ ಮೀನು ತಿಂದಿತೋ ಎಂದು ಎಲೆ ಸರಿಸಿ ಸರಿಸಿ ನೋಡಿದೆ. ಸುಬ್ಬಣ್ಣ ನನ್ನ ತೋಳು ಹಿಡಿದು ಕೋಡಿಯ ಕಡೆಯ ಹುಲ್ಲಿನ ಸಂದು ತೋರಿಸಿದ. ಅಲ್ಲಿ ಸಣ್ಣಗೆ ಮಿಜಿಮಿಜಿ. ಬಕೆಟ್ಟನ್ನು ನೀರಿಗೆ ಓರೆ ಮಾಡಿದೆ. ಮೀನು ಅವಸರವೇನೂ ಮಾಡದೆ ಜಾರಿಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಕೆಂಪು ಮರಿಗಳ ಗುಂಪು ಪೂರ್ತಿ ಒಂದು ಮೊಳ ಪಕ್ಕಕ್ಕೆ ಸರಿಯಿತು, ಕೆಳಗಿನಿಂದ ಯಾರೋ ಕರೆದ ಹಾಗೆ. ನಾವಿಬ್ಬರೂ ಅದನ್ನು ನೋಡುತ್ತ ನಿಂತೆವು.

ಮನೆಗೆ ಬಂದಾಗ ಮೂರೂವರೆ. ಸುಜಾತ ಆ ಮಸಾಲೆಗೆ ಬಟಾಟೆ ಹಾಕಿ ಸಾರು ಮಾಡಿದ್ದಳು. ಅಮ್ಮ ಉಣ್ಣದೆ ಕಾದಿದ್ದರು, ಎದುರು ಕುಳಿತು ತಾವೇ ಬಡಿಸಿದರು. ನಾನು ಮುಖ ಊದಿಸಿಕೊಂಡೇ ಉಣ್ಣತೊಡಗಿದೆ. ಆದರೂ ಮೀನು ಹಿಡಿಯುವ ವಿದ್ಯೆ ನನಗೂ ಗೊತ್ತೆಂದು ತೋರಿಸದೆ ಇರಲು ಆಗಲಿಲ್ಲ. ಮರಿ ಕಾಯುವಾಗ ಆ ಮೀನಿಗೆ ಹಸಿವೆಯ ಮೇಲೆ ಗಮನವಿರುವುದಿಲ್ಲ, ಕಪ್ಪೆಯನ್ನು ಅದು ತಿನ್ನಲೆಂದು ಕಚ್ಚಿದ್ದಲ್ಲ, ಸಿಟ್ಟಿಗೆ ಕಚ್ಚಿದ್ದು, ಹತ್ತಿರ ಏನೇ ಹೋದರೂ ಹಿಂದುಮುಂದು ನೋಡದೆ ಬಾಯಿ ಹಾಕುತ್ತದೆ, ಅದಕ್ಕೇ ಅದನ್ನು ಹಿಡಿಯುವುದು ಸುಲಭ ಎಂದು ಫೋನಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ.

ಅಮ್ಮ ಗಮನವಿಟ್ಟು ಕೇಳಿದರು. ಇನ್ನೊಂದು ಸೌಟು ಸಾರು ಬಡಿಸಿದರು. ಸುಜಾತಳ ಕಡೆ ತಿರುಗಿ, "ಕೇಂಡ್ಯಾ? ನಿನ್ ಗಂಡನ್ ಹಿಡೂಕೂ ಒಂದ್ ರಬ್ಬರ್ ಕಪ್ಪಿ ಸಾಕ್" ಎಂದರು.

ಇಂಥ ಮಾತಿಗೆ ಸುಮ್ಮನಿರುವ ಜನ ನಾನಲ್ಲ. ಸಿಟ್ಟು ನೆತ್ತಿಗೇರಿತು, ತಕ್ಕ ಉತ್ತರ ಕೊಡಲೆಂದು ಬಾಯಿ ದೊಡ್ಡದಾಗಿ ತೆರೆದೆ. ಇಬ್ಬರು ಹೆಂಗಸರೂ ತುಟಿ ಬಿಗಿಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು. ತೆರೆದ ಬಾಯಿಗೆ ಒಂದು ಬಟಾಟೆ ಹಾಕಿಕೊಂಡು ಮುಚ್ಚಿದೆ.