ತಪಾಸಣೆಗೆ ತಯಾರಿ

ಪುಂಡಲೀಕ ಮಾಡಿದ ತಪ್ಪು ಒಂದೇ. ಹಳಿಯಾಳದ ಶಿಬಿರದ ಸುದ್ದಿಯನ್ನು ಅವನು ನಲ್ಲಿಯ ಹತ್ತಿರ ನಿಂತು ಹೆಂಡತಿಗೆ ಹೇಳಿದ್ದ. ದಾಂಡೇಲಿಯ ಕಾಗದ ಗಿರಣಿ ಕೆಲಸಗಾರರ ಸಾಲುಮನೆಗಳ ಆ ಚಾಳದಲ್ಲಿ ನಲ್ಲಿಗೂ ಕಿವಿಯಿತ್ತು. ಆ ಕಿವಿ ಪಕ್ಕದ ಮನೆಯ ಮಹಾದೇವಕ್ಕನದು.

ಪುಂಡಲೀಕನ ಮಗಳು ಶೈಲಶ್ರೀ ನಾಲ್ಕನೆಯ ತರಗತಿ. ಮಾತಿನಲ್ಲಿ ಅರಳು ಹುರಿದಂತೆ, ಪುಸ್ತಕ ತೆರೆದರೆ ಮೂಕಿ. ಕಲಿಕೆಯ ತೊಂದರೆ ಇರುವ ಮಕ್ಕಳನ್ನು ಶಿಬಿರದಲ್ಲಿ ತಪಾಸಣೆ ಮಾಡುತ್ತಾರೆ, ತೊಂದರೆ ಖಚಿತವಾದರೆ ವಿಶೇಷ ಶಿಕ್ಷಕಿಯನ್ನು ಕೊಡುತ್ತಾರೆ ಎಂದು ಶಾಲೆಯವರು ಹೇಳಿದ್ದರು. ‘ದಡ್ಡಿ’ ಎಂದು ಕೇಳಿ ಕೇಳಿ ಹುಡುಗಿ ಬಾಡಿ ಹೋಗಿದ್ದಳು. ಇವತ್ತಿನ ಶಿಬಿರ ತಪ್ಪಿದರೆ ಮತ್ತೆ ಬರುವ ವರ್ಷವೇ.

ಬೆಳಿಗ್ಗೆ ಆರಕ್ಕೇ ಮಹಾದೇವಕ್ಕ ಬಾಗಿಲು ಬಡಿದಳು. “ಏನೂ ಕಲಿಸದ ಹಂಗ ಕರಕೊಂಡ ಹೊಂಟೀಯೇನೋ? ನಮ್ಮ ಚಾಳದ ಮರ್ಯಾದಿ ಏನಾಗಬೇಕು?”

ಅವಳ ತಂಗಿಯ ಮೊಮ್ಮಗ ನಿನ್ನೆ ಮುಂಡಗೋಡದ ಇಂಥದೇ ಶಿಬಿರಕ್ಕೆ ಹೋಗಿದ್ದ. ಅಲ್ಲಿ ಓದಿಸಿದ ಹಾಳೆಯ ಫೋಟೊ ಅವಳ ಮೊಬೈಲಿಗೆ ಬಂದಿತ್ತು.

“ಅಕ್ಕಾ, ಆಕಿಗೆ ಓದಾಕ ಬರೂದಿಲ್ಲಂತ ತೋರಸಾಕ ಹೊಂಟೇವಿ!”

“ಹುಚ್ಚಪ್ಪಾ, ಫೇಲ್ ಆಗಾಕ ಯಾರರ ಬಸ್ ಹತ್ತತಾರೇನು?”

ಅವಳೂ ಬಸ್ಸು ಹತ್ತಿದಳು. ಮಹಾದೇವಕ್ಕ ಮೊಬೈಲು ನೋಡಿ ಓದುವುದು, ಶೈಲಶ್ರೀ ಒಪ್ಪಿಸುವುದು. ಹಳಿಯಾಳ ಮುಟ್ಟುವಷ್ಟರಲ್ಲಿ ಹಾಳೆಯಲ್ಲಿದ್ದ, ಬಾವಿಗೆ ಬಿದ್ದ ಕರಡಿಯ ಕತೆ ಕಂಡಕ್ಟರನಿಗೂ ಬಾಯಿಪಾಠವಾಗಿತ್ತು.

ಶಿಬಿರದಲ್ಲಿ ತಪಾಸಣೆಗೆ ಕೂತಿದ್ದ ಲೀನಾ ಮೇಡಂ ಅದೇ ಹಾಳೆ ಮುಂದಿಟ್ಟರು. ಶೈಲಶ್ರೀ ಸಾಲಿನ ಮೇಲೆ ಬೆರಳಾಡಿಸುತ್ತ ನೀರು ಕುಡಿದಂತೆ ಹೇಳಿಬಿಟ್ಟಳು.

“ಚಲೋ ಓದ್ತಾಳಲ್ರಿ! ಯಾಕ ಕರಕೊಂಡ ಬಂದ್ರಿ?”

“ಓದಿಲ್ರಿ ಮೇಡಂ, ಬಾಯಿಪಾಠ ಮಾಡ್ಯಾಳ.”

ಮೇಡಂ ಮುಖ ಬಿಗಿಯಿತು. “ಸವಲತ್ತಿನ ಆಸೆಗೆ ಮಕ್ಕಳಿಗೆ ಓದಾಕ ಬರೂದಿಲ್ಲ ಅಂತ ಹೇಳೋ ತಂದಿ-ತಾಯಿನ್ನ ಭಾಳ ಮಂದಿನ್ನ ನೋಡೇನ್ರಿ.”

ಪುಂಡಲೀಕ ಹಾಳೆಯನ್ನು ಮಗುಚಿ ಇಟ್ಟ. ಅದರ ಹಿಂಬದಿಯಲ್ಲಿ ಒಂದಕ್ಷರವೂ ಇರಲಿಲ್ಲ. “ಇನ್ನೊಮ್ಮಿ ಓದವಾ.” ವಿಧೇಯ ಹುಡುಗಿ ಬಿಳಿ ಹಾಳೆಯ ಮೇಲೆ ಬೆರಳಾಡಿಸುತ್ತ ಕರಡಿಯನ್ನು ಬಾವಿಗೆ ಬೀಳಿಸಿ, ಮೇಲೆತ್ತಿ, ನೀತಿಯನ್ನೂ ಹೇಳಿ ಮುಗಿಸಿದಳು.

ಮೇಡಂ ನಕ್ಕುಬಿಟ್ಟರು. ಆಮೇಲೆ ಒಂದು ತಾಸು ಬೇರೆ ಬೇರೆ ರೀತಿಯಲ್ಲಿ ತಪಾಸಣೆ ನಡೆಸಿದರು. “ಈಕಿ ದಡ್ಡಿ ಅಲ್ರಿ. ಅಕ್ಷರ ಓದೂದರಾಗ ತೊಂದರಿ ಐತಿ, ಬುದ್ಧಿ ಚುರುಕ ಐತಿ,” ಎಂದರು. ಪುಂಡಲೀಕನಿಗೆ ಸಂತೋಷಕ್ಕೆ ಅಳುವೇ ಬಂತು.

“ವಿಶೇಷ ಟೀಚರು ಯಾವಾಗ ಬರ್ತಾರ್ರಿ?”

“ಆ ಹುದ್ದೆ ಖಾಲಿ ಐತ್ರಿ. ಅಲ್ಲೀತನಕ ಮನ್ಯಾಗ ಕಲಸಬೇಕು, ಹೆಂಗಂತ ನಾ ಹೇಳಿಕೊಡ್ತೇನಿ. ಈಕಿ ಕೇಳಿದ್ದನ್ನ ಲಗೂನ ಹಿಡಿತಾಳ. ಒಂದ ಮುಂಜಾನಿಗೆ ಇಷ್ಟ ಕಲಿಸಿದವರು ಯಾರು?”

ಪುಂಡಲೀಕ ತನ್ನ ಕಾಲು ನೋಡಿಕೊಳ್ಳತೊಡಗಿದ. ಮಗಳೇ ಕಿಟಕಿಯತ್ತ ಕೈ ತೋರಿಸಿದಳು. ಸರಳುಗಳ ನಡುವೆ ಮಹಾದೇವಕ್ಕನ ಮುಖವಿತ್ತು.

ಮೇಡಂ ಅವಳನ್ನೇ ಮನೆಪಾಠಕ್ಕೆ ಗೊತ್ತುಮಾಡಿ ಬರೆದರು: ದಿನಾ ಎರಡು ತಾಸು, ಮಗುವಿನ ಮನೆಯಲ್ಲಿ, ಒಂದು ವರ್ಷ. ತಂದೆಯೂ ಜೊತೆಗೆ ಕೂರಬೇಕು.

ಮಹಾದೇವಕ್ಕ ಕಿಟಕಿಯಿಂದಲೇ ಕೈ ಚಾಚಿ ರುಜು ಹಾಕಿದಳು. “ಇಂವಾ ಹೇಳಿದ್ದ ಕೇಳೂದಿಲ್ರಿ, ಇಂವಗ ನಾಕ ತಾಸು ಬರೀರಿ. ಏಳೋ ಪುಂಡಲೀಕಾ, ಬಸ್ಸಿನ್ಯಾಗ ಶುರು ಮಾಡೂಣು.”