ಮುಟ್ಟುವಂತಿಲ್ಲದ ಯಂತ್ರ

ಎಲ್ಲಕ್ಕೂ ಮೂಲ ಒಂದು ಕುಂಕುಮದ ಬೊಟ್ಟು. ಅದನ್ನು ಇಡಿಸಿದವನು ಬೇರೆ ಯಾರೂ ಅಲ್ಲ, ಮೃತ್ಯುಂಜಯನೇ.

ಅವನು ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಅಲ್ಲಿ ತಯಾರಾಗುವ ದೊಡ್ಡ ಅಲ್ಯೂಮಿನಿಯಂ ತಗಡುಗಳು ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಅವನ್ನು ನಡುಗಿಸಿ ನೋಡಬೇಕು. ಎಲ್ಲರೂ ಸುತ್ತಿಗೆಯಲ್ಲಿ ಬಡಿದು, ತಗಡಿನ ಮೈಗೆ ತಂತಿ ಅಂಟಿಸಿ ನೋಡುತ್ತಿದ್ದರು. ಮೃತ್ಯುಂಜಯ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಒಂದು ಪೆಟ್ಟಿಗೆ ಮಾಡಿದ್ದ. ಅದರ ತಂತಿಸುರುಳಿಯನ್ನು ತಗಡಿನ ಹತ್ತಿರ ಹಿಡಿದರೆ ಸಾಕು. ಲೋಹದೊಳಗೆ ಹೊಳೆಯ ಸುಳಿಯಂತೆ ವಿದ್ಯುತ್ತಿನ ಸುಳಿ ಎದ್ದು ತಗಡು ತಾನಾಗಿ ನಡುಗುತ್ತಿತ್ತು. ಎಷ್ಟು ನಡುಗಿತೆಂದು ಪೆಟ್ಟಿಗೆಯ ಮುಳ್ಳು ಹೇಳುತ್ತಿತ್ತು. ತಗಡಿಗೆ ಏನೂ ಸೋಕಬೇಕಾಗಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇದಂತೂ ಹೆಗ್ಗಣವೇ ಅಲ್ಲ.

ಹಾಗಾಗಿ ೧೯೯೮ರ ಆಯುಧಪೂಜೆಯ ಬೆಳಿಗ್ಗೆ, ಪೂಜೆ ಮಾಡುತ್ತಿದ್ದ ಫೋರ್‌ಮನ್ ಜವರಪ್ಪನಿಗೆ ಅವನೇ ಹೇಳಿದ: "ನನ್ನ ಪೆಟ್ಟಿಗೆಗೂ ಇಡಿ. ದೊಡ್ಡದಾಗೇ ಇಡಿ."

ಬೂದುಗುಂಬಳ ಒಡೆದು ಮುಗಿಯುವುದಕ್ಕೂ ದಿಲ್ಲಿಯ ಅಧಿಕಾರಿ ಕಾರಿನಿಂದ ಇಳಿಯುವುದಕ್ಕೂ ಸರಿಹೋಯಿತು. ಮರುದಿನದ ಜಂಬೂ ಸವಾರಿ ನೋಡುವವರು ಹಿಂದಿನ ದಿನ ಒಂದು ತಪಾಸಣೆ ಇಟ್ಟುಕೊಂಡೇ ಬರುತ್ತಾರೆ. ಯಂತ್ರ ಅವರಿಗೆ ಹಿಡಿಸಿದರೆ, ಮಾಡಿದವನು ದಿಲ್ಲಿಗೆ ಹೋಗಿ ದೇಶದ ಎಂಜಿನಿಯರುಗಳ ಮುಂದೆ ಅದನ್ನು ತೋರಿಸಬಹುದು. ಮೃತ್ಯುಂಜಯ ಅದಕ್ಕೆಂದೇ ಕೋಟು ಹೊಲಿಸಿಟ್ಟಿದ್ದ.

"ಪೂಜೆ ಆದ್ಮೇಲೆ ನಾಳೆಗಂಟ ಯಾವ್ದನ್ನೂ ಮುಟ್ಟಂಗಿಲ್ಲ ಸಾರ್," ಎಂದ ಜವರಪ್ಪ.

"ತಗಡನ್ನ ಯಾರ್ರೀ ಮುಟ್ತಾರೆ? ನನ್ನ ಯಂತ್ರದ ಹೆಚ್ಚುಗಾರಿಕೇನೇ ಅದು!"

"ತಗಡು ಸರಿ. ಪೆಟ್ಟಿಗೆ? ಅದಕ್ಕೂ ಬೊಟ್ಟು ಇಡ್ಸಿದ್ದು ನೀವೇ ಅಲ್ವಾ?"

ಆದರೂ ಮೃತ್ಯುಂಜಯ ಪೆಟ್ಟಿಗೆಯತ್ತ ಹೆಜ್ಜೆ ಇಟ್ಟ. ಪೂಜೆ ನೋಡಲು ಬಂದಿದ್ದ ಅವನ ತಾಯಿ ಪುಟ್ಟಬಸಮ್ಮ, "ಮುಟ್ಬೇಡ ಕಣಪ್ಪ, ಒಳ್ಳೇದಾಗಲ್ಲ," ಎಂದರು. ಕೊನೆಗೆ ಜವರಪ್ಪನೇ ಮನಸ್ಸು ಕರಗಿ ದಾರಿ ತೋರಿಸಿದ: "ಪೂಜೆ ಮಾಡ್ದೋನು ನಾನು, ನಾನು ಮುಟ್ಬೌದು. ನೀವು ದೂರದಿಂದ ಹೇಳಿ."

ಲೆಕ್ಕದ ವಿಭಾಗದ ಪ್ರೇಮಲೀಲಾ ಸುಮ್ಮನಿರಲಿಲ್ಲ. "ಇನ್ನೂ ಹಿಂದೆ ನಿಂತ್ಕೊಳ್ಳಿ ಸಾರ್, ನೆರಳು ಬೀಳುತ್ತೆ!" ಮೃತ್ಯುಂಜಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತ.

ಜವರಪ್ಪ ಪೆಟ್ಟಿಗೆ ಚಾಲು ಮಾಡಿ ತಂತಿಸುರುಳಿಯತ್ತ ಕೈ ಚಾಚಿದ್ದೇ ಮುಳ್ಳು ಹುಚ್ಚೆದ್ದು ಕುಣಿಯಿತು. "ತಾಯಿ ಬಂದ್ಬುಟ್ಳು!" ಎಂದು ಅವನು ಕೈಮುಗಿದ.

"ತಾಯಿಯಲ್ಲ ಕಣ್ರೀ, ನಿಮ್ಮ ತಾಮ್ರದ ಕಡಗ! ಅದರಲ್ಲೂ ಸುಳಿ ಏಳುತ್ತೆ, ತೆಗೀರಿ!"

ಕಡಗ ತೆಗೆದ ಮೇಲೆ ತಗಡು ಗುಂಯ್ ಎಂದಿತು. ಮುಳ್ಳು ಹೋಗಬೇಕಾದಲ್ಲಿಗೇ ಹೋಗಿ ನಿಂತಿತು. ಮೃತ್ಯುಂಜಯನ ಕಣ್ಣು ಒದ್ದೆಯಾಯಿತು. ಹೆಮ್ಮೆಯಿಂದ ಎದೆ ಬಿರಿಯುವಂತಾಯಿತು.

ಅಧಿಕಾರಿ ನೇರ ಬಂದು ಜವರಪ್ಪನ ಕೈ ಕುಲುಕಿ, "ಅದ್ಭುತ! ದಿಲ್ಲಿಗೆ ನೀವೇ ಬರಬೇಕು," ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಸರ್, ಅದನ್ನು ಮಾಡಿದವನು ನಾನು!" ಎಂದು ಮೃತ್ಯುಂಜಯ ಗೋಡೆ ಬಿಟ್ಟು ಓಡಿಬಂದ.

ಅಧಿಕಾರಿ ನಕ್ಕರು. "ಗೆದ್ದ ಮೇಲೆ ಎಲ್ಲರೂ ಹಾಗೇ ಅನ್ನುತ್ತಾರೆ. ನೀವು ಅದನ್ನು ಒಮ್ಮೆಯಾದರೂ ಮುಟ್ಟಿದ್ದನ್ನು ನಾನು ಕಾಣಲಿಲ್ಲ."

ನಿಜ ಹೇಳಬೇಕಾಗಿದ್ದ ಮ್ಯಾನೇಜರು ತಮ್ಮ ಕಾರಿನ ಪೂಜೆಗೆ ಮನೆಗೆ ಹೋಗಿದ್ದರು. ಜವರಪ್ಪನಿಗೆ ಆ ಇಂಗ್ಲಿಷಿನಲ್ಲಿ ಅರ್ಥವಾದದ್ದು 'ಟಚ್' ಒಂದೇ. ಪಾಪ, ಪೂಜೆಯಾದ ಪೆಟ್ಟಿಗೆ ಮುಟ್ಟಿದರೆಂದು ಮೃತ್ಯುಂಜಯ ಸಾಹೇಬರ ಮೇಲೆ ಅಪವಾದ ಬಂತಲ್ಲ ಎಂದು ಅವರನ್ನು ಕಾಪಾಡಲು ಮುಂದೆ ನುಗ್ಗಿದ.

"ನೋ ಟಚ್ ಸಾರ್! ಚಾಮುಂಡವ್ವನಾಣೆ, ಒಂದ್ಸಲಾನೂ ಮುಟ್ಟಿಲ್ಲ ಅವ್ರು!"

ಅಧಿಕಾರಿ ತಲೆಯಾಡಿಸಿ ಜವರಪ್ಪನ ಹೆಸರು ಬರೆದುಕೊಂಡರು.

ಹಿಂದೆ ಪುಟ್ಟಬಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಪ್ರೇಮಲೀಲಾಗೆ ಹೇಳುತ್ತಿದ್ದರು: "ನೋಡ್ದೇನಮ್ಮ? ಮುಟ್ದೇನೇ ಮಾಡ್ಬುಟ್ಟ ನನ್ನ ಮಗ!"