ಪುಂಡಿ ಪಲ್ಯ ಮತ್ತು ರಕ್ಷಣಾ ಒಪ್ಪಂದ

ದೇಶದೇಶಗಳು ಮಾಡಿಕೊಳ್ಳುವ ರಕ್ಷಣಾ ಒಪ್ಪಂದಗಳ ಬಗ್ಗೆ ಮಾತಾಡಲು ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಏನು ಹಕ್ಕು ಎಂದು ನೀವು ಕೇಳಬಹುದು. ಹಕ್ಕಿಲ್ಲ, ಅನುಭವವಿದೆ. ನಾನೂ ನನ್ನ ಒಡಹುಟ್ಟಿದ ಅಕ್ಕನೂ ಒಂದೇ ಮನೆಯ ಸೊಸೆಯರು. ಮಲ್ಕಾಜ್‌ಗಿರಿಯ ಆ ಮನೆಯಲ್ಲಿ, ರೈಲ್ವೆಯಿಂದ ನಿವೃತ್ತರಾದ ಮಾವ ಟಿ.ವಿ. ಹಚ್ಚಿದರೆಂದರೆ ನೆರೆಹೊರೆಯ ದೇಶಗಳಲ್ಲಿ ಯಾರು ಯಾರ ಕಡೆ ವಾಲಿದರೆಂಬುದು ಅಡುಗೆಮನೆಗೂ ಗೊತ್ತಾಗುತ್ತದೆ. “ಆ ಎರಡು ದೇಶ ಕೂಡ್ಯಾವ ನೋಡವಾ. ಒಬ್ಬರ ಮ್ಯಾಲೆ ಬಿದ್ದರ ಇಬ್ಬರ ಮ್ಯಾಲೂ ಬಿದ್ದಂಗ,” ಎಂದರು ಒಂದು ದಿನ. ರೊಟ್ಟಿ ಬಡಿಯುತ್ತಿದ್ದ ಅಕ್ಕ ನನ್ನ ಕಡೆ ನೋಡಿದಳು. ಅತ್ತೆಯವರ ವಿರುದ್ಧ ನಮ್ಮಿಬ್ಬರ ಒಪ್ಪಂದವೂ ಅಲ್ಲೇ ಆಗಿಹೋಯಿತು. “ಖರೇನ ಬಿದ್ದರ ಏನ್ಮಾಡ್ತಾರ್ರೀ ಮಾವ?” ಎಂದೆ. “ಕಳವಳ ವ್ಯಕ್ತಪಡಿಸ್ತಾರ,” ಎಂದರು.

ಪಂಚಮಿಗೆ ವರ್ಷಕ್ಕೊಬ್ಬ ಸೊಸೆ ಮಾತ್ರ ಸೇಡಮ್ಮಿನ ತವರಿಗೆ ಹೋಗಬೇಕೆಂಬುದು ನಮ್ಮ ಮನೆಯ ಕಾಯಿದೆ. ಹೋದ ವರ್ಷ ನಾನು ಜೋಕಾಲಿ ಆಡಿ ಬಂದಿದ್ದೆ. ಈ ಸಲ ಅಕ್ಕನ ಪಾಳಿ. ಮೊನ್ನೆ ಅವಳು ಪುಂಡಿ ಪಲ್ಯ ಒಲೆಗಿಟ್ಟು, ಜೋಳದ ನುಚ್ಚು ಹಾಕುವುದನ್ನು ನನಗೆ ಬಿಟ್ಟಿದ್ದಳು. ಟಿ.ವಿ.ಯಲ್ಲಿ ಇಬ್ಬರು ಮಂತ್ರಿಗಳು ತಬ್ಬಿಕೊಂಡವರು ಬಿಡಲೇ ಇಲ್ಲ. ಅವರನ್ನು ನೋಡುತ್ತ ನಾನು ನುಚ್ಚು ಮರೆತೆ.

ಅತ್ತೆಯವರು ಒಂದು ತುತ್ತು ತಿಂದು ಕೈ ನಿಲ್ಲಿಸಿದರು. “ಇದು ಪುಂಡಿ ಪಲ್ಯನೋ, ಬಾಜೂಮನಿಯವರ ಗೋಂಗೂರ ಪಚ್ಚಡಿನೋ? ನುಚ್ಚು ಹಾಕೂದೂ ಮರತೀಯೇನ ದೊಡ್ಡಾಕಿ? ನೀ ತವರಿಗೆ ಹೋಗೂದು ಬ್ಯಾಡ, ಇಲ್ಲೇ ಇದ್ದು ಅಡಿಗಿ ಕಲಿ. ಈ ಸಲಾನೂ ಸಣ್ಣಾಕಿನ ಹೋಗ್ಲಿ.”

ಯುದ್ಧ ಬಂದೇಬಿಟ್ಟಿತು. ನಾನು ಬಾಯಿ ತೆರೆದೆ. ಕಣ್ಣ ಮುಂದೆ ಬೇವಿನ ಗಿಡದ ಜೋಕಾಲಿ ತೂಗಿತು. “ಪಾಪ, ಅಕ್ಕ ಭಾಳ ದಣದಾಳ್ರೀ ಅತ್ತಿ,” ಎಂದೆ. ಕಳವಳ ವ್ಯಕ್ತಪಡಿಸಿ ಆಯಿತು.

ಅಕ್ಕ ಅತ್ತೆಯವರ ತಟ್ಟೆಗೆ ಮೊಸರು ಬಡಿಸಿದಳು. ನನ್ನ ಚೀಲ ತುಂಬಿಸಿಕೊಟ್ಟವಳೂ ಅವಳೇ. “ನುಚ್ಚು ಮರತಾಕಿ ನಾನಂತ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಹೇಳಿದ್ರ ನಿನ್ನ ಮ್ಯಾಲೆ ಬೀಳ್ತಿದ್ರು. ಇಬ್ಬರೂ ಬೈಸ್ಕೊಂಡು ಏನ್ ಮಾಡೂದು? ಲೈಟ್ ತಗೋ, ಮನಸ್ಸಿಗೆ ಹಚ್ಕೋಬ್ಯಾಡ. ಅವ್ವಗ ಶೇಂಗಾದ ಉಂಡಿ ಕಟ್ಟೀನಿ, ದಾರ್ಯಾಗ ತಿಂದು ಮುಗಸಬ್ಯಾಡ.”

ರೈಲು ಲಿಂಗಂಪಲ್ಲಿ ದಾಟಿದೆ. ಕಿಟಕಿಯ ಸೀಟು ಸಿಕ್ಕಿದೆ, ಗಾಳಿ ಹಿತವಾಗಿದೆ, ಉಂಡಿಗೆ ಬೆಲ್ಲ ಹದವಾಗಿ ಬಿದ್ದಿದೆ. ಇನ್ನು ತಡೆಯಲಾರೆ, ಅತ್ತೆಯವರ ಮುಂದೆ ನಿಂತು ನಿಜ ಹೇಳಿಯೇಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಪಂಚಮಿ ಮುಗಿಸಿಕೊಂಡು ಬಂದ ಮೇಲೆ.